ಒಂದೇ ಏಟಿಗೆ ಒಡೆಯಿತೋ, ಎರಡು ಏಟಿಗೋ? ಅಣು ವಿಘಟನೆಯ ದಾರಿ ಪತ್ತೆಹಚ್ಚುವ ಕ್ರಮ

“ಸರ್, ಈ ಫ್ರಾಗ್ಮೆಂಟೇಶನ್ ಕನ್ಸರ್ಟೆಡ್ಡಾ, ಸ್ಟೆಪ್‌ವೈಸಾ? ಬಾಣ ಹೇಗೆ ಹಾಕಬೇಕು?” ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ನನ್ನ ಬಳಿ ಬರುತ್ತದೆ. ಜ್ಞಾನಭಾರತಿಯ ಎಂ.ಎಸ್ಸಿ. ಹುಡುಗರು ಕೇಳುತ್ತಾರೆ, ನೆಟ್ ಪರೀಕ್ಷೆಗೆ ಓದುತ್ತಿರುವವರು ಕೇಳುತ್ತಾರೆ. ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಕಂಪನಿಗಳ ಲ್ಯಾಬಿನಲ್ಲಿ ಇರುವವರು, ಎಲ್ಲಿಂದಲೋ ಒಂದು ಕಲ್ಮಶ ಹುಟ್ಟಿಕೊಂಡ ದಿನ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಬಾಣ, ಅಂದರೆ ಎಲೆಕ್ಟ್ರಾನುಗಳು ಎಲ್ಲಿಂದ ಎಲ್ಲಿಗೆ ಸರಿದವು ಎಂದು ತೋರಿಸುವ ಗುರುತು, ಹಾಕುವುದು ಕೊನೆಯ ಕೆಲಸ. ಬಾಣ ಸರಾಗವಾಗಿ ಕೂತಿತು ಎಂಬ ಕಾರಣಕ್ಕೆ ಅಣು ಆ ದಾರಿಯಲ್ಲೇ ಹೋಯಿತು ಎಂದೇನಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಒಂದೇ. ದಾರಿಯ ನಡುವೆ, ಬೇರೇನಾದರೂ ಮಾಡುವಷ್ಟು ಹೊತ್ತು ಬದುಕಿದ್ದ ಒಂದು ಜೀವಿ, ಅಂದರೆ ಒಂದು ನಡುಹಂತದ ಅಣುರೂಪ, ಇತ್ತೇ? ತಿರುಗುವಷ್ಟು, ಇನ್ನೊಂದು ಅಣುವನ್ನು ಮುಟ್ಟುವಷ್ಟು, ಬಂದ ದಾರಿಗೇ ಮರಳುವಷ್ಟು? ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯನ್ನೇ ಬೇರೆ ಬೇರೆ ಕಡೆಯಿಂದ ಕೇಳುವ ಉಪಾಯಗಳು.

ಶುರುವಿಗೆ ಮುಂಚೆ ನಾಲ್ಕು ಪದ

ವಿಘಟನೆ, ಅಂದರೆ ಫ್ರಾಗ್ಮೆಂಟೇಶನ್: ಒಂದು ಅಣು ತನ್ನ ಬೆನ್ನೆಲುಬಿನ ಬಂಧವನ್ನು, ಸಾಮಾನ್ಯವಾಗಿ ಇಂಗಾಲ–ಇಂಗಾಲ ಬಂಧವನ್ನು, ಮುರಿದುಕೊಂಡು ಎರಡೋ ಮೂರೋ ಚೂರಾಗುವುದು. ಸಂಕ್ರಮಣ ಸ್ಥಿತಿ: ಶಕ್ತಿಯ ನಕ್ಷೆಯಲ್ಲಿ ಗುಡ್ಡದ ನೆತ್ತಿ, ಅಲ್ಲಿ ಯಾರೂ ನೆಲೆಸುವುದಿಲ್ಲ, ದಾಟುತ್ತಾರೆ ಅಷ್ಟೆ. ಮಧ್ಯವರ್ತಿ: ಎರಡು ನೆತ್ತಿಗಳ ನಡುವಿನ ಕಣಿವೆ, ಎಷ್ಟೇ ಕಿರಿದಾದರೂ ಅಲ್ಲಿ ವಾಸ ಉಂಟು. ಕಣಿವೆ ಇದ್ದರೆ ದಾರಿ ಸ್ಟೆಪ್‌ವೈಸ್, ಅಂದರೆ ಹಂತಹಂತದ್ದು. ಒಂದೇ ನೆತ್ತಿ ಇದ್ದು ಕಣಿವೆ ಇಲ್ಲದಿದ್ದರೆ ಕನ್ಸರ್ಟೆಡ್, ಅಂದರೆ ಒಂದೇ ಹಂತದ್ದು.

ಇಂದಿರಾನಗರದಿಂದ ಯಶವಂತಪುರಕ್ಕೆ ಮೆಟ್ರೋದಲ್ಲಿ ಹೊರಟರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಬಿಟ್ಟು ಹಸಿರು ಮಾರ್ಗ ಹಿಡಿಯಲೇಬೇಕು. ಇಳಿದ ಮೇಲೆ ನೀವು ಸ್ವತಂತ್ರರು. ಪರಿಚಯದವರು ಸಿಕ್ಕಿ ಕಾಫಿಗೆ ಎಳೆದೊಯ್ಯಬಹುದು, ಮನಸ್ಸು ಬದಲಾಗಿ ಮನೆಗೇ ಮರಳಬಹುದು, ಹೊರಗೆ ಬಂದು ತುಮಕೂರಿನ ಬಸ್ಸನ್ನೂ ಹತ್ತಬಹುದು. ಮೆಜೆಸ್ಟಿಕ್ಕೇ ಮಧ್ಯವರ್ತಿ. ಅದೇ ಆಟೊ ಹಿಡಿದರೆ, ಮೇಖ್ರಿ ಸರ್ಕಲ್ಲಿನ ಹತ್ತಿರ ಅದು ಎಷ್ಟೇ ತೆವಳಿದರೂ ನೀವು ಕೆಳಗಿಳಿಯುವುದಿಲ್ಲ. ಅದು ಒಂದೇ ಹಂತದ ಪಯಣ.

ಆ ತೆವಳುವಿಕೆಯನ್ನು ಮರೆಯಬೇಡಿ, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಅಲ್ಲೇ. ಕನ್ಸರ್ಟೆಡ್ ಅಂದರೆ ಎಲ್ಲ ಬಂಧಗಳೂ ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ಮುರಿಯಬೇಕು ಅಂತಲ್ಲ. ಹಾಗೆ ಮುರಿದರೆ ಅದಕ್ಕೆ ಸಿಂಕ್ರನಸ್ ಎಂಬ ಬೇರೆಯೇ ಹೆಸರಿದೆ. ಒಂದು ಬಂಧ ಮುಕ್ಕಾಲು ಪಾಲು ಮುರಿದಿರುವಾಗ ಇನ್ನೊಂದು ಈಗಷ್ಟೇ ಸಡಿಲವಾಗುತ್ತಿರಬಹುದು. ನಡುವೆ ಕಣಿವೆ ಇಲ್ಲದಿದ್ದರೆ ಅದೂ ಕನ್ಸರ್ಟೆಡ್ಡೇ.

1. ಬಂಧಗಳ ಪಟ್ಟಿ ಮಾಡಿ, ಸಾಧ್ಯವಿರುವ ದಾರಿಗಳನ್ನೆಲ್ಲ ಬರೆಯಿರಿ

ಉದಾಹರಣೆಗೆ ಗ್ರೋಬ್ ವಿಘಟನೆಯನ್ನೇ ತೆಗೆದುಕೊಳ್ಳೋಣ. ಪರೀಕ್ಷೆಗಳಲ್ಲೂ ಇದೇ ಹೆಚ್ಚು. ಸ್ವಿಟ್ಜರ್ಲೆಂಡಿನ ಸಿರಿಲ್ ಗ್ರೋಬ್ ಕೂಲಂಕಷವಾಗಿ ಅಧ್ಯಯನ ಮಾಡಿದ ಕ್ರಿಯೆ ಇದು. ಐದು ಪರಮಾಣುಗಳ ಸರಪಳಿಗೆ ಎಡದಿಂದ 1, 2, 3, 4, 5 ಎಂದು ನಂಬರ್ ಹಾಕಿ. 1ನೆಯದು ಎಲೆಕ್ಟ್ರಾನ್ ದಾನಿ, ಸಾಮಾನ್ಯವಾಗಿ ಒಂಟಿ ಜೋಡಿ (ಬಂಧದಲ್ಲಿ ಸೇರದ ಎರಡು ಎಲೆಕ್ಟ್ರಾನು) ಇರುವ ಸಾರಜನಕ ಅಥವಾ ಋಣಾವೇಶದ ಆಮ್ಲಜನಕ. 5ನೆಯದು ಬಿಟ್ಟುಹೋಗುವ ಗುಂಪು: ಬ್ರೋಮೈಡ್, ಕ್ಲೋರೈಡ್, ಟೋಸಿಲೇಟ್ ಇಂಥವು. ಕ್ರಿಯೆ ಮುಗಿದಾಗ 1–2ರ ನಡುವೆ ದ್ವಿಬಂಧ, 2–3ರ ನಡುವೆ ಬಂಧವೇ ಇಲ್ಲ, 3–4ರ ನಡುವೆ ದ್ವಿಬಂಧ, 5 ಹೊರಗೆ.

ಈ ಫಲಕ್ಕೆ ಮೂರು ದಾರಿಗಳಿವೆ. ಒಂದು, ಎಲ್ಲವೂ ಒಂದೇ ಹಂತದಲ್ಲಿ. ಎರಡು, ಮೊದಲು 5 ಹೊರಟು 4ರ ಮೇಲೆ ಧನಾವೇಶ ಉಳಿದು, ಆಮೇಲೆ 2–3 ಮುರಿಯುವುದು; ನಡುವಿನ ಜೀವಿ ಕಾರ್ಬೊಕ್ಯಾಟಯಾನ್. ಮೂರು, ಮೊದಲು 2–3 ಮುರಿದು 3ರ ಮೇಲೆ ಋಣಾವೇಶ ಕೂತು, ಆಮೇಲೆ 5 ಹೊರಡುವುದು. ನಡುವಿನ ಜೀವಿ ಕಾರ್ಬಾನಯಾನ್. ಎಲಿಮಿನೇಶನ್ (ಅಣುವಿನಿಂದ ಗುಂಪುಗಳು ಕಳಚಿ ದ್ವಿಬಂಧವಾಗುವ ಕ್ರಿಯೆ) ಪಾಠದಲ್ಲಿ ಇ2, ಇ1, ಇ1ಸಿಬಿ ಓದಿದ್ದೀರಲ್ಲ, ಅವುಗಳ ಅಣ್ಣತಮ್ಮಂದಿರೇ ಇವು.

ಎಚ್ಚರಿಕೆ: ವಿಘಟನೆಯ ಫಲ ನೂರಕ್ಕೆ ನೂರು ಸಿಕ್ಕಿತು ಎಂಬುದು ಒಂದೇ ಹಂತಕ್ಕೆ ಸಾಕ್ಷಿಯಲ್ಲ. ಮಧ್ಯವರ್ತಿ ಹುಟ್ಟಿ, ಅದಕ್ಕೆ ಒಡೆಯುವುದೇ ಎಲ್ಲಕ್ಕಿಂತ ಸುಲಭವಾಗಿದ್ದರೂ ಫಲ ಅದೇ ಇರುತ್ತದೆ.

2. ಚೌಕ ಬರೆಯಿರಿ

ಬೆಂಗಳೂರಿನವರಿಗೆ ಸೈಟಿನ ನಕ್ಷೆ ಬರೆದು ಮೂಲೆ ಗುರುತಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು–ನಲವತ್ತರ ಸೈಟಿನ ಹಾಗೆ ಒಂದು ಆಯತ ಎಳೆಯಿರಿ. ಪೂರ್ವಕ್ಕೆ ಹೋದಂತೆಲ್ಲ 4–5 ಬಂಧ ಮುರಿಯುತ್ತದೆ, ಉತ್ತರಕ್ಕೆ ಹೋದಂತೆಲ್ಲ 2–3 ಬಂಧ ಮುರಿಯುತ್ತದೆ. ಆಗ ನೈಋತ್ಯದಲ್ಲಿ ಮೂಲ ಅಣು, ಈಶಾನ್ಯದಲ್ಲಿ ಕೊನೆಯ ಚೂರುಗಳು. ಆಗ್ನೇಯ ಮೂಲೆ ಕಾರ್ಬೊಕ್ಯಾಟಯಾನಿನದು, ವಾಯವ್ಯ ಮೂಲೆ ಕಾರ್ಬಾನಯಾನಿನದು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಮೋರ್ ಓ’ಫೆರಾಲ್–ಜೆಂಕ್ಸ್ ನಕ್ಷೆ ಎಂದು ಹೆಸರು. 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ವಾಸ್ತುವಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಮೂಲೆಗಳ ಹೆಸರು ನೆನಪಿಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಅಂಚಿನ ಗುಂಟ ಸುತ್ತಿಕೊಂಡು ಹೋಗುವುದು ಹಂತಹಂತದ ದಾರಿ. ಸೈಟಿನ ನಡುವೆ ಅಡ್ಡ ಹಾಯ್ದು ಹೋಗುವುದು ಒಂದೇ ಹಂತದ ದಾರಿ. ನಟ್ಟನಡುವಿನ ಕರ್ಣರೇಖೆ ಮಾತ್ರ ಸಿಂಕ್ರನಸ್. ಆಗ್ನೇಯದ ಕಡೆ ಬಾಗಿದ ದಾರಿ ಕ್ಯಾಟಯಾನಿನ ಛಾಯೆ ಇರುವ ಕನ್ಸರ್ಟೆಡ್.

ಈಗ ನಿಮ್ಮ ಅಣುವನ್ನು ನೋಡಿ ಮೂಲೆಗಳನ್ನು ತಗ್ಗಿಸಿ, ಏರಿಸಿ. 4ನೇ ಇಂಗಾಲಕ್ಕೆ ಫೀನೈಲ್ ಗುಂಪು ಇದೆಯೇ, ಅದು ತೃತೀಯಕವೇ (ಇನ್ನು ಮೂರು ಇಂಗಾಲಗಳಿಗೆ ಅಂಟಿದೆಯೇ), ದ್ರಾವಕ ನೀರು ಬೆರೆಸಿದ ಎಥನಾಲಿನಂತೆ ಧ್ರುವೀಯವೇ? ಆಗ್ನೇಯ ತಗ್ಗುತ್ತದೆ. 3ನೇ ಇಂಗಾಲದ ಮೇಲೆ ಕಾರ್ಬೊನಿಲ್ ಅಥವಾ ನೈಟ್ರೊ ಇದೆಯೇ? ವಾಯವ್ಯ ತಗ್ಗುತ್ತದೆ. 1ನೇ ಪರಮಾಣು ಬಲವಾದ ದಾನಿಯಾದರೆ ಉತ್ತರದ ಅಂಚು ಪೂರ್ತಿ ತಗ್ಗುತ್ತದೆ. 5ನೆಯದು ಸುಲಭವಾಗಿ ಬಿಟ್ಟುಹೋಗುವಂಥದ್ದಾದರೆ ಪೂರ್ವದ ಅಂಚು ತಗ್ಗುತ್ತದೆ.

ನೆತ್ತಿ ಎತ್ತ ಸರಿಯುತ್ತದೆ ಎಂಬುದಕ್ಕೆ ಎರಡು ಸೂತ್ರಗಳು, ಮತ್ತು ಇವೆರಡೂ ಒಂದಕ್ಕೊಂದು ತಿರುಗುಮುರುಗು. ಈಶಾನ್ಯ ತಗ್ಗಿದರೆ ನೆತ್ತಿ ಹಿಂದೆ, ನೈಋತ್ಯದ ಕಡೆಗೆ ಸರಿಯುತ್ತದೆ; ಇದು ಹ್ಯಾಮಂಡ್ ಸೂತ್ರ. ಆದರೆ ಅಡ್ಡ ಮೂಲೆಗಳಲ್ಲಿ ಒಂದು ತಗ್ಗಿದರೆ ನೆತ್ತಿ ಆ ಮೂಲೆಯ ಕಡೆಗೇ ಜಾರುತ್ತದೆ. ಹ್ಯಾಮಂಡ್ ಸೂತ್ರ ಬಾಯಿಪಾಠ ಮಾಡಿದವರು ಎರಡನೆಯದನ್ನು ಉಲ್ಟಾ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಅಡ್ಡ ಮೂಲೆ ಎರಡೂ ತೀರ ಎತ್ತರವಾಗಿದ್ದರೆ ಏನು? ಅಲ್ಲಿನ ಜೀವಿ ಒಂದು ಕಂಪನದಷ್ಟು ಹೊತ್ತೂ ಬದುಕದಿದ್ದರೆ ಅದನ್ನು ಮಧ್ಯವರ್ತಿ ಎನ್ನಲಾಗದು. ಅಣುವಿಗೆ ನಡುವೆ ಹಾಯದೆ ಬೇರೆ ಗತಿಯಿಲ್ಲ. ವಿಲಿಯಂ ಜೆಂಕ್ಸ್ ಇದನ್ನು ಬಲವಂತದ ಕನ್ಸರ್ಟೆಡ್ ಎಂದು ಪ್ರತ್ಯೇಕವಾಗಿ ಗುರುತಿಸಿದರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಲಿಯಬೇಕಾದ ಅತ್ಯಂತ ಉಪಯುಕ್ತ ಮಾತು ಇದೇ: ಅಣು ಒಂದೇ ಹಂತವನ್ನು ಇಷ್ಟಪಟ್ಟು ಆರಿಸಿಕೊಳ್ಳುವುದಕ್ಕಿಂತ, ಮಧ್ಯೆ ನಿಲ್ಲಲು ಜಾಗವಿಲ್ಲದೆ ಆ ದಾರಿ ಹಿಡಿಯುವುದೇ ಹೆಚ್ಚು.

3. ಮಾದರಿ ಕೈಯಲ್ಲಿ ಹಿಡಿದು ಸಾಲು ನೋಡಿ

ಚೆಂಡು–ಕಡ್ಡಿ ಮಾದರಿ ಇಲ್ಲದೆ ಈ ಹಂತ ದಾಟಬೇಡಿ. ಇಲ್ಲದಿದ್ದರೆ ಕಡಲೆಕಾಳು ನೆನೆಸಿ ಹಲ್ಲುಕಡ್ಡಿ ಚುಚ್ಚಿ ಮಾಡಿಕೊಳ್ಳಿ, ಅದೂ ಸಾಕು.

ಒಂದೇ ಹಂತದ ಗ್ರೋಬ್ ವಿಘಟನೆಗೆ ಮುರಿಯುವ 2–3 ಬಂಧಕ್ಕೆ 1ರ ಒಂಟಿ ಜೋಡಿಯೂ 4–5 ಬಂಧವೂ ವಿರುದ್ಧ ದಿಕ್ಕಿನಲ್ಲಿ, ಒಂದೇ ಸಮತಲದಲ್ಲಿ ಇರಬೇಕು. ಇದನ್ನು ಆಂಟಿಪೆರಿಪ್ಲೇನರ್ ಎನ್ನುತ್ತಾರೆ. ನೀರು ಹರಿಯುವ ಪೈಪುಗಳನ್ನು ಸಾಲಾಗಿ ಜೋಡಿಸಿದ ಹಾಗೆ: ಒಂದು ಜಾಯಿಂಟು ತಿರುಗಿದ್ದರೂ ಒತ್ತಡ ಮುಂದಕ್ಕೆ ಹೋಗುವುದಿಲ್ಲ.

ಒಳ್ಳೆಯ ಜೋಡಿ ಉದಾಹರಣೆ ಕ್ಲೋರೊಟ್ರೋಪೇನುಗಳು. 3-ಬೀಟಾ ಐಸೋಮರಿನಲ್ಲಿ ಕ್ಲೋರಿನ್ ಸರಿಯಾದ ಸಾಲಿನಲ್ಲಿದೆ. ಅದು ಸಲೀಸಾಗಿ ಒಡೆಯುತ್ತದೆ. 3-ಆಲ್ಫಾದಲ್ಲಿ ಪರಮಾಣುಗಳೆಲ್ಲ ಅವೇ, ಜೋಡಣೆಯ ಕ್ರಮವೂ ಅದೇ, ಸಾಲು ಮಾತ್ರ ತಪ್ಪಿದೆ. ವಿಘಟನೆ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಕಾಗದದ ಮೇಲಿನ ಬಾಣಗಳಿಗೆ ಈ ಎರಡರ ವ್ಯತ್ಯಾಸವೇ ತಿಳಿಯುವುದಿಲ್ಲ.

ಎಚ್ಚರಿಕೆ: ಸಾಲು ತಪ್ಪಿದ್ದರೆ ಕನ್ಸರ್ಟೆಡ್ ದಾರಿ ಕಷ್ಟ ಎನ್ನಬಹುದು. ಸಾಲು ಸರಿ ಇದ್ದ ಮಾತ್ರಕ್ಕೆ ಕನ್ಸರ್ಟೆಡ್ ಎನ್ನುವಂತಿಲ್ಲ. ಬಾಗಿಲು ತೆರೆದಿದೆ ಎಂದರೆ ಒಳಗೆ ಹೋದರು ಎಂದು ಅರ್ಥವಲ್ಲವಲ್ಲ.

4. ಚೂರುಗಳ ಆಕಾರ ಓದಿ

ಕೈಯಲ್ಲಿರುವ ಸಾಧನಗಳಲ್ಲಿ ಅತ್ಯಂತ ಅಗ್ಗದ್ದು, ಅತ್ಯಂತ ಗಟ್ಟಿ ಉತ್ತರ ಕೊಡುವುದು ಇದೇ. ಮೂಲ ಅಣುವಿನ ಎರಡು ಸ್ಟೀರಿಯೊ ಐಸೋಮರುಗಳನ್ನು, ಅಂದರೆ ಜೋಡಣೆ ಒಂದೇ ಇದ್ದು ದಿಕ್ಕು ಮಾತ್ರ ಬೇರೆ ಇರುವವನ್ನು, ಬೇರೆ ಬೇರೆಯಾಗಿ ಒಡೆಯಿರಿ. ಒಂದೊಂದರಿಂದ ಬರುವ ಆಲ್ಕೀನಿನ (ದ್ವಿಬಂಧವಿರುವ ಚೂರಿನ) ಆಕಾರವನ್ನು, ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ನಲ್ಲಿ ನೋಡಿ.

ಮಧ್ಯವರ್ತಿ ಹುಟ್ಟಿ ತಿರುಗುವಷ್ಟು ಕಾಲ ಬದುಕಿದರೆ ತಾನು ಯಾವ ಐಸೋಮರಿನಿಂದ ಬಂದೆ ಎಂಬುದನ್ನೇ ಮರೆತುಬಿಡುತ್ತದೆ. ಎರಡೂ ಕಡೆಯಿಂದ ಒಂದೇ ಬಗೆಯ ಮಿಶ್ರಣ ಸಿಗುತ್ತದೆ. ಒಂದೇ ಹಂತದಲ್ಲಿ ಮುರಿದರೆ ನೆನಪು ಉಳಿಯುತ್ತದೆ: ಒಂದು ಐಸೋಮರಿಗೆ ಒಂದು ಆಕಾರ, ಇನ್ನೊಂದಕ್ಕೆ ಇನ್ನೊಂದು. ವಾರ್ಟನ್ 1961ರಲ್ಲಿ ತೋರಿಸಿದ ವಿಘಟನೆ ಈ ಎರಡನೇ ಬಗೆಯದು. ಅಂಟಿಕೊಂಡ ಎರಡು ಉಂಗುರಗಳ ಡಯಾಲ್ ಟೋಸಿಲೇಟಿಗೆ ಪ್ರತ್ಯಾಮ್ಲ ಹಾಕಿದರೆ ನಡುವಿನ ಬಂಧ ಮುರಿದು ಹತ್ತು ಇಂಗಾಲದ ದೊಡ್ಡ ಉಂಗುರ ತೆರೆದುಕೊಳ್ಳುತ್ತದೆ, ಮತ್ತು ಅದರ ದ್ವಿಬಂಧ ಇ (ಮುಖ್ಯ ಗುಂಪುಗಳು ಎದುರು ಬದಿ) ಆಗುವುದೋ ಝಡ್ (ಒಂದೇ ಬದಿ) ಆಗುವುದೋ ಎಂಬುದು ಮೂಲ ಅಣುವಿನ ಜೋಡಣೆಯಲ್ಲೇ ಬರೆದಿರುತ್ತದೆ.

ಎದುರು ಉದಾಹರಣೆ ಸೈಕ್ಲೊಬ್ಯೂಟೇನ್. ಸಿಸ್-1,2-ಡೈಮೀಥೈಲ್ ಸೈಕ್ಲೊಬ್ಯೂಟೇನನ್ನು ಹೆಚ್ಚು ಶಾಖದಲ್ಲಿ ಒಡೆದರೆ ಸಿಗುವ 2-ಬ್ಯೂಟೀನಿನಲ್ಲಿ ಸಿಸ್ (ಗುಂಪುಗಳು ಒಂದೇ ಬದಿ), ಟ್ರಾನ್ಸ್ (ಎದುರು ಬದಿ) ಎರಡೂ ಇರುತ್ತವೆ. ಅಷ್ಟೇ ಅಲ್ಲ, ಒಡೆಯದೆ ಉಳಿದ ಪದಾರ್ಥದಲ್ಲೂ ಸ್ವಲ್ಪ ಟ್ರಾನ್ಸ್ ಆಗಿರುತ್ತದೆ. ಉಂಗುರ ಒಂದು ಕಡೆ ಬಿಚ್ಚಿಕೊಂಡು, ತಿರುಗಿ, ಮತ್ತೆ ಮುಚ್ಚಿಕೊಂಡಿದೆ ಎಂದಾಯಿತು. ನಡುವಿನ ಜೀವಿ ಡೈರ‍್ಯಾಡಿಕಲ್, ಎರಡು ತುದಿಯಲ್ಲಿ ಒಂದೊಂದು ಒಂಟಿ ಎಲೆಕ್ಟ್ರಾನ್ ಇರುವಂಥದ್ದು. 1994ರಲ್ಲಿ ಅಹ್ಮದ್ ಜವೇಲ್ ಅವರ ತಂಡ ಸೈಕ್ಲೊಪೆಂಟನೋನಿನಿಂದ ಕಾರ್ಬನ್ ಮಾನಾಕ್ಸೈಡ್ ಕಿತ್ತು ಈ ಟೆಟ್ರಾಮೀಥೈಲೀನ್ ಡೈರ‍್ಯಾಡಿಕಲ್ಲನ್ನು ನೇರವಾಗಿ ಕಂಡಿತು. ಅದರ ಆಯುಷ್ಯ ಸುಮಾರು 700 ಫೆಮ್ಟೊಸೆಕೆಂಡು. ಒಂದು ಫೆಮ್ಟೊಸೆಕೆಂಡು ಅಂದರೆ 10⁻¹⁵ ಸೆಕೆಂಡು. ಜವೇಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಪಾಠದಲ್ಲಿ ಇದರ ಪಕ್ಕದಲ್ಲೇ ಬರುವ ಹಿಮ್ಮುಖ ಡೀಲ್ಸ್–ಆಲ್ಡರ್ ಕ್ರಿಯೆಯನ್ನು, ಅಂದರೆ ಆರರ ಉಂಗುರ ಎರಡು ಚೂರಾಗುವುದನ್ನು, ಇಟ್ಟು ನೋಡಿ. ಅಲ್ಲಿ ಆರು ಎಲೆಕ್ಟ್ರಾನುಗಳ ಸುತ್ತು, ವುಡ್‌ವರ್ಡ್–ಹಾಫ್‌ಮನ್ ನಿಯಮಗಳ (ಎಲೆಕ್ಟ್ರಾನುಗಳನ್ನು ಎಣಿಸಿ ಯಾವ ಸುತ್ತುದಾರಿ ಸುಲಭ ಎಂದು ಹೇಳುವವು) ಒಪ್ಪಿಗೆ ಇದೆ. ಸ್ಟೀರಿಯೊ ನೆನಪು ಉಳಿಯುತ್ತದೆ. ಸೈಕ್ಲೊಬ್ಯೂಟೇನಿನಲ್ಲಿ ನಾಲ್ಕು ಎಲೆಕ್ಟ್ರಾನು, ಶಾಖದಲ್ಲಿ ಸುಲಭದ ಸುತ್ತುದಾರಿಗೆ ನಿಯಮದ ಒಪ್ಪಿಗೆ ಇಲ್ಲ.

ಎಚ್ಚರಿಕೆ: ನೆನಪು ಉಳಿಯಿತು ಎಂದಾಕ್ಷಣ ಮಧ್ಯವರ್ತಿ ಇರಲಿಲ್ಲ ಎನ್ನಬೇಡಿ. ತಿರುಗುವ ಮೊದಲೇ ಮುರಿಯುವಷ್ಟು ಅಲ್ಪಾಯುಷಿಯೂ ನೆನಪು ಉಳಿಸುತ್ತದೆ. ಜೊತೆಗೆ, ಸಿಕ್ಕ ಆಲ್ಕೀನ್ ಆ ಶಾಖದಲ್ಲಿ, ಆ ಆಮ್ಲದಲ್ಲಿ ತಾನೇ ಆಕಾರ ಬದಲಿಸಿಕೊಳ್ಳುತ್ತದೆಯೇ ಎಂದು ಬೇರೆಯಾಗಿ ಪರೀಕ್ಷಿಸಿ. ಶುದ್ಧ ಆಲ್ಕೀನನ್ನು ಅದೇ ಸ್ಥಿತಿಯಲ್ಲಿ ಅಷ್ಟೇ ಹೊತ್ತು ಇಟ್ಟು ನೋಡಿದರೆ ಸಾಕು. ಇದನ್ನು ಮಾಡದೆ ತಿಂಗಳುಗಟ್ಟಲೆ ದುಡಿದವರನ್ನು ನೋಡಿದ್ದೇನೆ.

5. ವೇಗ ಅಳೆಯಿರಿ, ಆದರೆ ಜೋಡಿಯ ಜೊತೆ

ಒಂದೇ ಅಣುವಿನ ವೇಗ ನಿಮಗೆ ಏನನ್ನೂ ಹೇಳುವುದಿಲ್ಲ. ಅದರ ಅವಳಿ ಬೇಕು: 1ನೇ ಜಾಗದ ಸಾರಜನಕವನ್ನು ತೆಗೆದು ಇಂಗಾಲ ಇಟ್ಟ, ಉಳಿದದ್ದೆಲ್ಲ ಒಂದೇ ಆಗಿರುವ ಅಣು. ಒಂದೇ ಹಂತದಲ್ಲಾದರೆ ಸಾರಜನಕದ ಒಂಟಿ ಜೋಡಿ ವೇಗ ನಿರ್ಧರಿಸುವ ಹಂತದಲ್ಲೇ ಹಿಂದಿನಿಂದ ತಳ್ಳುತ್ತಿರುತ್ತದೆ, ಆದ್ದರಿಂದ ಸಾರಜನಕದ ಅಣು ಓಡುತ್ತದೆ. ಮೊದಲು ಕ್ಯಾಟಯಾನ್ ಆಗಿ ಆಮೇಲೆ ಮುರಿದರೆ ಸಾರಜನಕದ ತಳ್ಳು ತಡವಾಗಿ ಬರುತ್ತದೆ. ವೇಗ ಅವಳಿಯಷ್ಟೇ ಇರುತ್ತದೆ, ಅಥವಾ ಎಲೆಕ್ಟ್ರಾನ್ ಎಳೆಯುವ ಅದರ ಗುಣದಿಂದ ಇನ್ನೂ ಕಡಿಮೆಯಾಗುತ್ತದೆ. ಗ್ರೋಬ್ ಈ ವೇಗವರ್ಧನೆಗೆ ಫ್ರಾಂಗೊಮೆರಿಕ್ ಪರಿಣಾಮ ಎಂದು ಹೆಸರಿಟ್ಟರು.

ಹೆಸರಾಂತ ಉದಾಹರಣೆ 4-ಬ್ರೋಮೊಕ್ವಿನುಕ್ಲಿಡೀನ್. ಪಂಜರದಂಥ ಅಣು, ಒಂದು ತುದಿಯಲ್ಲಿ ಸಾರಜನಕ, ಎದುರು ತುದಿಯಲ್ಲಿ ಬ್ರೋಮಿನ್, ನಡುವೆ ಮೂರು ಸೇತುವೆಗಳೂ ಸರಿಯಾದ ಸಾಲಿನಲ್ಲಿ. ಸಾರಜನಕ ಇಲ್ಲದ ಅವಳಿಗಿಂತ ಇದು ಹತ್ತಾರು ಸಾವಿರ ಪಟ್ಟು ವೇಗವಾಗಿ ಕ್ರಿಯೆ ನಡೆಸುತ್ತದೆ. ಇಷ್ಟು ದೊಡ್ಡ ಅಂತರ ಸಿಕ್ಕರೆ ವಾದಕ್ಕೆ ಜಾಗವಿಲ್ಲ. ಎರಡು ಮೂರು ಪಟ್ಟು ಸಿಕ್ಕರೆ ಮಾತ್ರ ಬಾಯಿ ಮುಚ್ಚಿಕೊಂಡು ಮುಂದಿನ ಹಂತಕ್ಕೆ ಹೋಗಿ.

ಬೇರೆ ಬೇರೆ ಉಷ್ಣತೆಯಲ್ಲಿ ಅಳೆದರೆ ಅರ‍್ಹೀನಿಯಸ್ ಸಮೀಕರಣದ ಪೂರ್ವಗುಣಕವೂ ಸಿಗುತ್ತದೆ, ಅಂದರೆ ಅಣು ಎಷ್ಟು ಸಡಿಲವಾಗಿ ನೆತ್ತಿ ದಾಟುತ್ತದೆ ಎಂಬುದರ ಅಳತೆ. ಸೈಕ್ಲೊಬ್ಯೂಟೇನಿಗೆ ಅದರ ಲಾಗರಿದಮ್ ಸುಮಾರು 15.6, ಸಡಿಲ ಡೈರ‍್ಯಾಡಿಕಲ್ಲಿನ ಲಕ್ಷಣ. ಎಸ್ಟರಿನ ಶಾಖ ವಿಘಟನೆಯಂಥ ಬಿಗಿಯಾದ ಆರರ ಉಂಗುರದ ದಾರಿಗಳಿಗೆ ಅದು 12–13ರ ಸುತ್ತ ಇರುತ್ತದೆ.

ಇಲ್ಲಿ ನಮ್ಮೂರಿನವರಿಗೇ ಒಂದು ಕಿವಿಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. “ಕುದಿಯುವ ನೀರಿನ ಬಾತ್, 100 ಡಿಗ್ರಿ” ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ, ಸಕ್ರಿಯಕ ಶಕ್ತಿ (ನೆತ್ತಿ ಏರಲು ಬೇಕಾದ ಶಕ್ತಿ) ಮೋಲಿಗೆ 100 ಕಿಲೊಜೌಲ್ ಇರುವ ಕ್ರಿಯೆಗೆ ವೇಗದಲ್ಲಿ 30 ಪ್ರತಿಶತದಷ್ಟು ವ್ಯತ್ಯಾಸ ಬರುತ್ತದೆ. ಥರ್ಮಾಮೀಟರನ್ನು ಕ್ರಿಯೆ ನಡೆಯುವ ದ್ರವದಲ್ಲೇ ಅದ್ದಿ ಓದಿ. ಕರೆಂಟು ಹೋಗಿ ಬಂದ ರನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ.

6. ಬಲೆ ಹಾಕಿ

ಮಧ್ಯವರ್ತಿ ಇದೆ ಎಂಬ ಅನುಮಾನವಿದ್ದರೆ ಅದನ್ನು ಹಿಡಿಯುವ ಪದಾರ್ಥವನ್ನು ಪಾತ್ರೆಗೆ ಹಾಕಿ. ಕ್ಯಾಟಯಾನಿಗೆ ಅಜೈಡ್ ಅಥವಾ ಮೆಥನಾಲ್, ರ‍್ಯಾಡಿಕಲ್ಲಿಗೆ ಟೆಂಪೊ. ರ‍್ಯಾಡಿಕಲ್ ಗಡಿಯಾರ ಎಂಬ ಇನ್ನೊಂದು ಉಪಾಯ ಉಂಟು: ಅನುಮಾನವಿರುವ ಇಂಗಾಲದ ಪಕ್ಕದಲ್ಲಿ ಸೈಕ್ಲೊಪ್ರೊಪೈಲ್ ಉಂಗುರ ಇಟ್ಟು ಅಣುವನ್ನು ಕಟ್ಟುವುದು. ಅಲ್ಲಿ ರ‍್ಯಾಡಿಕಲ್ ಹುಟ್ಟಿದರೆ ಆ ಉಂಗುರ ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 10⁸ರ ವೇಗದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಉಂಗುರ ಫಲದಲ್ಲಿ ಕಂಡರೆ ಕಳ್ಳ ಸಿಕ್ಕ ಹಾಗೆ.

ಸಿಗದಿದ್ದರೆ? ಇಲ್ಲಿ ಲೆಕ್ಕ ಹಾಕಿ. ಅಜೈಡ್ ಕ್ಯಾಟಯಾನನ್ನು ಹಿಡಿಯುವ ಗರಿಷ್ಠ ವೇಗ ಸ್ಥಿರಾಂಕ ಸುಮಾರು 5×10⁹. ಒಂದು ಮೋಲಾರ್ ಅಜೈಡ್ ಇದ್ದರೂ ಒಂದು ಕ್ಯಾಟಯಾನನ್ನು ತಲುಪಲು ಸರಾಸರಿ 200 ಪಿಕೊಸೆಕೆಂಡು (ಒಂದು ಪಿಕೊಸೆಕೆಂಡು ಅಂದರೆ 10⁻¹² ಸೆಕೆಂಡು) ಬೇಕು. ನಿಮ್ಮ ಮಧ್ಯವರ್ತಿಯ ಆಯುಷ್ಯ 1 ಪಿಕೊಸೆಕೆಂಡಾದರೆ ಬಲೆಗೆ ಬೀಳುವುದು ಶೇಕಡಾ 0.5ರಷ್ಟು ಮಾತ್ರ. ಅದು ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ನಿಮ್ಮ ಎಚ್‌ಪಿಎಲ್‌ಸಿಯ ಗದ್ದಲದಲ್ಲೇ ಮುಳುಗಿಹೋಗಬಹುದು. ಆದ್ದರಿಂದ ವರದಿಯಲ್ಲಿ “ಮಧ್ಯವರ್ತಿ ಇಲ್ಲ” ಎಂದು ಬರೆಯಬೇಡಿ. “ಇಷ್ಟು ಪಿಕೊಸೆಕೆಂಡಿಗಿಂತ ಹೆಚ್ಚು ಬದುಕುವ ಮಧ್ಯವರ್ತಿ ಕಾಣಲಿಲ್ಲ” ಎಂದು ಬರೆಯಿರಿ.

ಸುರಕ್ಷತೆ: ಸೋಡಿಯಂ ಅಜೈಡ್ ವಿಷ. ಅದಕ್ಕೆ ಆಮ್ಲ ತಾಗಿಸಬೇಡಿ, ಹೊರಡುವ ಹೈಡ್ರಜೋಯಿಕ್ ಆಮ್ಲ ವಿಷವೂ ಹೌದು, ಸಿಡಿಯುವಂಥದ್ದೂ ಹೌದು. ಸಿಂಕಿಗೆ ಸುರಿಯಬೇಡಿ, ತಾಮ್ರ, ಸೀಸದ ಪೈಪಿನಲ್ಲಿ ಸ್ಫೋಟಕ ಲವಣಗಳಾಗುತ್ತವೆ. ಡೈಕ್ಲೋರೊಮೀಥೇನ್ ಜೊತೆ ಬಳಸಬೇಡಿ. ಮೇಲ್ವಿಚಾರಕರಿಲ್ಲದ ಭಾನುವಾರದ ಲ್ಯಾಬಿನಲ್ಲಂತೂ ಬೇಡವೇ ಬೇಡ.

7. ರ‍್ಯಾಡಿಕಲ್ ದಾರಿಯಾದರೆ ದ್ರಾವಕ ಗಟ್ಟಿ ಮಾಡಿ ನೋಡಿ

ಪರಾಕ್ಸಿ ಎಸ್ಟರ್, ಅಜೊ ಸಂಯುಕ್ತಗಳನ್ನು ಕಾಯಿಸಿದಾಗ ನಡುವಿನಿಂದ ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರೊಜನ್ ಹಾರಿಹೋಗುತ್ತದೆ. ಒಂದು ಬಂಧ ಮುರಿದು ಆಮೇಲೆ ಇನ್ನೊಂದೋ, ಎರಡೂ ಒಟ್ಟಿಗೋ? ದ್ರಾವಕದ ಸ್ನಿಗ್ಧತೆ, ಅಂದರೆ ಗಟ್ಟಿತನ, ಹೆಚ್ಚಿಸಿ ವೇಗ ಅಳೆಯಿರಿ. ಒಂದೇ ಬಂಧ ಮುರಿದಿದ್ದರೆ ಗಟ್ಟಿ ದ್ರಾವಕದ ಗೂಡಿನಲ್ಲಿ ಸಿಕ್ಕಿಕೊಂಡ ಎರಡು ಚೂರುಗಳು ಮತ್ತೆ ಕೂಡಿ ಮೂಲ ಅಣುವಾಗುತ್ತವೆ. ವೇಗ ತಗ್ಗಿದಂತೆ ಕಾಣುತ್ತದೆ. ಎರಡೂ ಒಟ್ಟಿಗೆ ಮುರಿದು ನಡುವಿನ ಅನಿಲ ಹೊರಬಿದ್ದಿದ್ದರೆ ಮರಳುವ ದಾರಿಯಿಲ್ಲ, ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇನ್ನೊಂದು ಸುಳಿವನ್ನು ಬಾರ್ಟ್‌ಲೆಟ್ ಮತ್ತು ಹಯಾಟ್ 1958ರಲ್ಲಿ ಕೊಟ್ಟರು. ಟರ್ಷಿಯರಿ ಬ್ಯೂಟೈಲ್ ಪರ್‌ಅಸಿಟೇಟಿನ ಸಕ್ರಿಯಕ ಶಕ್ತಿ ಮೋಲಿಗೆ 38 ಕಿಲೊಕ್ಯಾಲರಿಯ ಆಸುಪಾಸು. ಹೊರಡುವ ರ‍್ಯಾಡಿಕಲ್ ಬೆಂಜೈಲ್ ಆಗುವ ಫೀನೈಲ್ ಪರ್‌ಅಸಿಟೇಟಿನಲ್ಲಿ ಅದು 29ರ ಆಸುಪಾಸಿಗೆ ಇಳಿಯುತ್ತದೆ. ಮುರಿಯುವ ಆಮ್ಲಜನಕ–ಆಮ್ಲಜನಕ ಬಂಧ ಎರಡರಲ್ಲೂ ಒಂದೇ ಬಗೆಯದು. ದೂರದ ಇಂಗಾಲದ ಸ್ಥಿರತೆ ವೇಗದಲ್ಲಿ ಕಾಣಬೇಕಾದರೆ ಆ ಇಂಗಾಲದ ಬಂಧವೂ ಅದೇ ನೆತ್ತಿಯಲ್ಲಿ ಮುರಿಯುತ್ತಿರಬೇಕು.

8. ಐಸೋಟೋಪ್ ಹಾಕಿ, ಎರಡು ಕಡೆ

ಜಲಜನಕದ ಬದಲು ಡ್ಯೂಟೀರಿಯಂ ಇಟ್ಟರೆ ಆ ಬಂಧ ಮುರಿಯುವ ಹಂತ ನಿಧಾನವಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 7 ಪಟ್ಟು. ಇಂಗಾಲ-13ರ ಪರಿಣಾಮ ಕೆಲವೇ ಪ್ರತಿಶತ, ಅದಕ್ಕೆ ಒಳ್ಳೆಯ ಮಾಸ್ ಸ್ಪೆಕ್ಟ್ರೊಮೀಟರ್ ಬೇಕು. ಚಾತುರ್ಯ ಇರುವುದು ಎರಡನ್ನೂ ಒಟ್ಟಿಗೆ ಬಳಸುವುದರಲ್ಲಿ.

ಒಂದು ಅಣುವಿನಿಂದ ಹೈಡ್ರೈಡೂ (ಋಣಾವೇಶದ ಜಲಜನಕ) ಇಂಗಾಲದ ಡೈಆಕ್ಸೈಡೂ ಹೊರಡಬೇಕು ಎನ್ನಿ. ಎರಡು ಬೇರೆ ಬೇರೆ ಹಂತಗಳಾಗಿದ್ದರೆ, ಡ್ಯೂಟೀರಿಯಂ ಹಾಕಿದಾಗ ಹೈಡ್ರೈಡ್ ಹಂತವೇ ಮುಖ್ಯ ಅಡ್ಡಿಯಾಗುತ್ತದೆ, ಇಂಗಾಲದ ಹಂತಕ್ಕೆ ವೇಗದ ಮೇಲಿನ ಹಿಡಿತ ತಪ್ಪುತ್ತದೆ, ಇಂಗಾಲ-13ರ ಪರಿಣಾಮ ಕುಗ್ಗುತ್ತದೆ. ಒಂದೇ ಹಂತವಾಗಿದ್ದರೆ ಅದು ಕುಗ್ಗುವುದಿಲ್ಲ. 1982ರಲ್ಲಿ ಕ್ಲೆಲ್ಯಾಂಡ್ ಮತ್ತು ಜೊತೆಗಾರರು ಮ್ಯಾಲಿಕ್ ಕಿಣ್ವದಲ್ಲಿ ಹೀಗೆ ಅಳೆದು, ಪರಿಣಾಮ ಕುಗ್ಗಿದ್ದನ್ನು ಕಂಡು, ಅಲ್ಲಿ ಮೊದಲು ಹೈಡ್ರೈಡ್, ಆಮೇಲೆ ಇಂಗಾಲದ ಡೈಆಕ್ಸೈಡ್ ಎಂದು ತೀರ್ಮಾನಿಸಿದರು. ಈ ತರ್ಕವನ್ನು ಒಮ್ಮೆ ಸರಿಯಾಗಿ ಅರ್ಥಮಾಡಿಕೊಂಡರೆ ನೆಟ್ ಪರೀಕ್ಷೆಯ ಅರ್ಧದಷ್ಟು ಐಸೋಟೋಪ್ ಪ್ರಶ್ನೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

9. ಎಲೆಕ್ಟ್ರಾನ್ ಕೊಟ್ಟು ಒಡೆಯುವವರಿಗೆ

ಸೈಕ್ಲಿಕ್ ವೋಲ್ಟಾಮೆಟ್ರಿ (ವಿಭವವನ್ನು ಏರಿಳಿಸುತ್ತ ವಿದ್ಯುತ್ ಪ್ರವಾಹ ಅಳೆಯುವ ವಿಧಾನ) ಮಾಡುವವರು ಕೇಳುವ ಪ್ರಶ್ನೆ: ಹಾಲೈಡಿಗೆ ಎಲೆಕ್ಟ್ರಾನ್ ಬಂದು ಕೂತು ಆಮೇಲೆ ಬಂಧ ಮುರಿಯಿತೋ, ಬರುವಾಗಲೇ ಮುರಿಯಿತೋ? ಸಾಮಾನ್ಯ ನಿಯಮ ಹೀಗೆ. ಅರೈಲ್ ಹಾಲೈಡಿನಲ್ಲಿ ಬಂದ ಎಲೆಕ್ಟ್ರಾನಿಗೆ ಕೂರಲು ಉಂಗುರದ ಪೈ ಕಕ್ಷೆ ಇದೆ, ಆದ್ದರಿಂದ ಹಂತಹಂತ. ಸರಳ ಆಲ್ಕೈಲ್ ಹಾಲೈಡಿನಲ್ಲಿ ಅಂಥ ಕುರ್ಚಿ ಇಲ್ಲ, ಆದ್ದರಿಂದ ಒಂದೇ ಹಂತ. ಫ್ರಾನ್ಸಿನ ಸವೆಯಾಂ 1987ರಲ್ಲಿ ಈ ಒಂದೇ ಹಂತದ ದಾರಿಗೆ ಮಾದರಿ ಕೊಟ್ಟರು.

ಪತ್ತೆಗೆ ಪ್ರವಾಹದ ಶೃಂಗದ ಅಗಲ ನೋಡಿ. ಶೃಂಗದ ವಿಭವಕ್ಕೂ ಅರ್ಧ ಎತ್ತರದ ವಿಭವಕ್ಕೂ ಇರುವ ಅಂತರ, 25 ಡಿಗ್ರಿಯಲ್ಲಿ, 47.7 ಮಿಲಿವೋಲ್ಟನ್ನು ಆಲ್ಫಾದಿಂದ ಭಾಗಿಸಿದಷ್ಟು. ಆಲ್ಫಾ ಅಂದರೆ ವರ್ಗಾವಣೆ ಗುಣಾಂಕ. ಅಂತರ 160ರ ಹತ್ತಿರ ಬಂದರೆ ಆಲ್ಫಾ 0.3, ಒಂದೇ ಹಂತದ ಕಡೆ ವಾಲಿದೆ. 95ರ ಹತ್ತಿರವಾದರೆ ಆಲ್ಫಾ 0.5, ಹಂತಹಂತದ ದಾರಿಯಲ್ಲಿ ಎಲೆಕ್ಟ್ರಾನ್ ವರ್ಗಾವಣೆಯೇ ನಿಧಾನವಾಗಿರಬಹುದು. 48ರ ಹತ್ತಿರವಾದರೆ ಎಲೆಕ್ಟ್ರಾನ್ ಬೇಗ ಬಂದು ಕೂತು, ಬಂಧ ಆಮೇಲೆ ಮುರಿದಿದೆ. ಸ್ಕ್ಯಾನ್ ವೇಗ ಬದಲಿಸಿ ಮತ್ತೆ ಅಳೆಯಿರಿ. ಆಲ್ಫಾ ಬದಲಾದರೆ ದಾರಿಯೇ ಬದಲಾಗುತ್ತಿರಬಹುದು.

ಗುಂಡಿ ಇಲ್ಲೊಂದಿದೆ: ದ್ರಾವಣದ ಪ್ರತಿರೋಧವನ್ನು ಸರಿದೂಗಿಸದಿದ್ದರೂ ಶೃಂಗ ಅಗಲವಾಗುತ್ತದೆ. ಆಗ ಸುಳ್ಳು ಕನ್ಸರ್ಟೆಡ್ ಸಿಗುತ್ತದೆ. ಮೊದಲು ಫೆರೊಸೀನ್ ಹಾಕಿ ನಿಮ್ಮ ಸೆಲ್ ಸರಿಯಿದೆಯೇ ನೋಡಿ.

10. ಕಂಪ್ಯೂಟರ್

ಡಿಎಫ್‌ಟಿ ಲೆಕ್ಕದಲ್ಲಿ (ಎಲೆಕ್ಟ್ರಾನ್ ಸಾಂದ್ರತೆಯಿಂದ ಅಣುವಿನ ಶಕ್ತಿ ಕಂಡುಹಿಡಿಯುವ ಕಂಪ್ಯೂಟರ್ ವಿಧಾನ) ಒಂದೇ ನೆತ್ತಿ ಸಿಕ್ಕಿತು ಎಂದು ಖುಷಿಪಡುವ ಮುನ್ನ ಎರಡು ವಿಷಯ ಪರೀಕ್ಷಿಸಿ. ಡೈರ‍್ಯಾಡಿಕಲ್ ಬರಬಹುದಾದ ಜಾಗದಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಯಾಗಿಯೇ ಕಟ್ಟಿಹಾಕುವ ಲೆಕ್ಕ ಮಾಡಿದ್ದರೆ ಡೈರ‍್ಯಾಡಿಕಲ್ ಕಾಣುವುದೇ ಇಲ್ಲ. ಕ್ಯಾಟಯಾನ್ ಬರಬಹುದಾದ ಜಾಗದಲ್ಲಿ ದ್ರಾವಕವನ್ನು ಬಿಟ್ಟಿದ್ದರೆ ಆಗ್ನೇಯ ಮೂಲೆ ಸುಳ್ಳೇ ಎತ್ತರವಾಗಿರುತ್ತದೆ. ಲೆಕ್ಕ ಒಳ್ಳೆಯ ಸಾಕ್ಷಿ, ಒಂಟಿ ಸಾಕ್ಷಿಯಲ್ಲ.

ಉತ್ತರ ಬರೆಯುವಾಗ

ಮ್ಯಾಕ್‌ಲಾಫರ್ಟಿ ಮರುಜೋಡಣೆಯ ಬಗ್ಗೆ, ಅಂದರೆ ಮಾಸ್ ಸ್ಪೆಕ್ಟ್ರೊಮೀಟರಿನೊಳಗೆ ಅಯಾನೊಂದು ತನ್ನೊಳಗೇ ಜಲಜನಕ ವರ್ಗಾಯಿಸಿ ಒಡೆಯುವ ಬಗ್ಗೆ, ಪದೇಪದೇ ಕೇಳುತ್ತೀರಿ. ಮಾಸ್ ಸ್ಪೆಕ್ಟ್ರಮ್ ಪಾಠದಲ್ಲಿ ಆರರ ಉಂಗುರ ಬರೆದು ಬಾಣಗಳನ್ನು ಒಂದೇ ಸುತ್ತಿನಲ್ಲಿ ಹಾಕಿಸುತ್ತಾರೆ. ಪ್ರಯೋಗಗಳ ಒಟ್ಟು ಸಾಕ್ಷಿ ಹಂತಹಂತದ ಕಡೆಗಿದೆ: ಮೊದಲು ಜಲಜನಕ ವರ್ಗಾವಣೆ, ಆಮೇಲೆ ಇಂಗಾಲ–ಇಂಗಾಲ ಬಂಧದ ಮುರಿತ. ಪರೀಕ್ಷೆಯಲ್ಲಿ “ಬಾಣಗಳಿಂದ ತೋರಿಸಿ” ಎಂದಷ್ಟೇ ಇದ್ದರೆ ಒಂದೇ ಸುತ್ತು ಸಾಕು. “ಕ್ರಿಯಾವಿಧಾನ ಚರ್ಚಿಸಿ” ಎಂದಿದ್ದರೆ ಎರಡು ಹಂತ ಬರೆದು ನಡುವಿನ ಅಯಾನನ್ನು ಹೆಸರಿಸಿ.

ಲ್ಯಾಬಿನ ವರದಿಗಾದರೆ ಮೂರು ಸಾಲು ಸಾಕು. ಯಾವ ದ್ರಾವಕ, ಯಾವ ಉಷ್ಣತೆ ಎಂದು ಮೊದಲ ಸಾಲು, ಏಕೆಂದರೆ ಅವು ಬದಲಾದರೆ ಅದೇ ಅಣು ಬೇರೆ ದಾರಿ ಹಿಡಿಯಬಹುದು. ಯಾವ ಯಾವ ಪರೀಕ್ಷೆ ಮಾಡಿದಿರಿ, ಪ್ರತಿಯೊಂದೂ ಯಾವ ದಾರಿಯನ್ನು ತಳ್ಳಿಹಾಕಿತು ಎಂದು ಎರಡನೆಯದು. ತಳ್ಳಿಹಾಕಲಾಗದೆ ಉಳಿದ ದಾರಿ ಯಾವುದು ಎಂದು ಮೂರನೆಯದು. ಬಾಣಗಳನ್ನು ಅದರ ಕೆಳಗೆ ಹಾಕಿ.